ಲಾಯದ ಪ್ರಶ್ನೋತ್ತರ: ಎಳೆದಾಗ ಕಲಿಯದ್ದು, ಬಿಟ್ಟಾಗ ಕಲಿಯುತ್ತದೆ

ಕುದುರೆ ಸಾಕುವವರು, ಸವಾರಿ ಕಲಿಯುವವರು, ಮಕ್ಕಳನ್ನು ಕಲಿಯಲು ಕಳಿಸುವವರು ಕೇಳಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಈ ಸಲ ಉತ್ತರ. ಒಂದೇ ತೊಂದರೆಯನ್ನು ಹಲವರು ಬರೆದಿದ್ದ ಕಡೆ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ಪ್ರಶ್ನೆ: ರೇಸ್ ಬಿಟ್ಟ ಆರು ವರ್ಷದ ಥರೋಬ್ರೆಡ್ ಕುದುರೆಯೊಂದನ್ನು ಮೂರು ತಿಂಗಳ ಹಿಂದೆ ಕೊಂಡೆ. ನಡಿಗೆಯಲ್ಲಿ ಸಾಧು. ಟ್ರಾಟ್‌ಗೆ (ನಡಿಗೆಗಿಂತ ಜೋರಾದ ಕುಲುಕು ಓಟ) ಹೋದಮೇಲೆ ನಿಲ್ಲಿಸಲು ಲಗಾಮು ಎಳೆದರೆ ಇನ್ನೂ ಜೋರಾಗುತ್ತದೆ. ಇನ್ನಷ್ಟು ಖಡಕ್ ಕಡಿವಾಣ ಹಾಕಿ ಅನ್ನುತ್ತಾರೆ. ಹಾಕಲೇ? (ದೇವನಹಳ್ಳಿ)

ಹಾಕಬೇಡಿ. ಆ ಕುದುರೆ ಮೊಂಡು ಹಿಡಿದಿಲ್ಲ, ಹಿಂದೆ ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದೆ. ಟ್ರ್ಯಾಕಿನಲ್ಲಿ ಜಾಕಿ ಲಗಾಮನ್ನು ಗಿಡ್ಡ ಮಾಡಿ, ಎರಡು ಎಳೆಗಳನ್ನೂ ಒಂದರ ಮೇಲೊಂದು ಅಡ್ಡ ಹಿಡಿದು ಕುತ್ತಿಗೆಯ ಮೇಲೆ ಕೈ ಊರಿದ ಅಂದರೆ ಓಟ ಶುರು ಎಂದರ್ಥ. ಕುದುರೆ ಆ ಭಾರಕ್ಕೆ ಬಾಯಿ ಆತುಕೊಂಡೇ ವೇಗ ಹಿಡಿಯುತ್ತದೆ. ಗೆರೆ ದಾಟಿದ ಮೇಲೆ ಜಾಕಿ ರಿಕಾಪಿನ (ಸವಾರ ಕಾಲಿಡುವ ಬಳೆ) ಮೇಲೆ ಎದ್ದುನಿಂತು ಲಗಾಮು ಸಡಿಲ ಬಿಟ್ಟಾಗ ನಿಧಾನವಾಗುತ್ತದೆ. ನೀವು ‘ನಿಲ್ಲು’ ಎಂದು ಎಳೆಯುತ್ತೀರಿ, ಅದಕ್ಕೆ ‘ಓಡು’ ಎಂದು ಕೇಳುತ್ತದೆ. ಖಡಕ್ ಕಡಿವಾಣ ಹಾಕಿದರೆ ಇದೇ ತಪ್ಪು ಸೂಚನೆಗೆ ನೋವೂ ಸೇರುತ್ತದೆ. ನೋವಿಗೆ ಕುದುರೆಯ ಉತ್ತರ ಒಂದೇ: ಓಡಿ ಪಾರಾಗುವುದು.

ತರಬೇತಿಗೆ ಮೊದಲು ಮೂರು ಕಡೆ ನೋಡಬೇಕು. ಒಂದು, ಹಲ್ಲು. ದವಡೆಹಲ್ಲಿನ ಅಂಚು ಚೂಪಾಗಿ ಕೆನ್ನೆಯ ಒಳಮೈ ಕೊಯ್ಯುತ್ತಿದ್ದರೆ ಲಗಾಮಿನ ಪ್ರತಿ ಎಳೆತವೂ ಚಿತ್ರಹಿಂಸೆ. ವರ್ಷಕ್ಕೊಮ್ಮೆಯಾದರೂ ಪಶುವೈದ್ಯರಿಂದ ಅರ ಹಾಕಿಸಿ. ಎರಡು, ಬೆನ್ನು. ಹೆಗಲ ಉಬ್ಬಿನಿಂದ ಸೊಂಟದವರೆಗೆ ಬೆನ್ನೆಲುಬಿನ ಎರಡೂ ಪಕ್ಕ ಬೆರಳ ತುದಿಯಿಂದ ಒಂದೇ ಸಮ ಒತ್ತುತ್ತಾ ಹೋಗಿ. ಬೆನ್ನು ಕುಗ್ಗಿಸಿದರೆ, ಬಾಲ ಬೀಸಿದರೆ, ಕಿವಿ ಹಿಂದಕ್ಕೆ ಮಡಚಿದರೆ ಸವಾರಿ ನಿಲ್ಲಿಸಿ. ಮೂರು, ಹೊಟ್ಟೆ. ಕುದುರೆಯ ಜಠರ ಮೇವಿರಲಿ ಇಲ್ಲದಿರಲಿ ದಿನವಿಡೀ ಆಮ್ಲ ಸುರಿಸುತ್ತದೆ. ಹುಲ್ಲು ಕಡಿಮೆ, ಕಾಳು ಹೆಚ್ಚು ತಿಂದು ಓಡಿದ ರೇಸ್ ಕುದುರೆಗಳಲ್ಲಿ ಜಠರದ ಹುಣ್ಣು ಬಹಳ ಸಾಮಾನ್ಯ. ತಂಗ (ಜೀನು ಕಟ್ಟುವ ಹೊಟ್ಟೆಪಟ್ಟಿ) ಬಿಗಿಯುವಾಗ ಕಚ್ಚಲು ಬರುವುದು, ಕಾಳು ಅರ್ಧ ಬಿಡುವುದು, ಮೈಗೂದಲು ಮಂಕಾಗುವುದು ಇವೆಲ್ಲ ಅದರ ಲಕ್ಷಣಗಳು. ಎಂಡೋಸ್ಕೋಪಿಯಲ್ಲಿ ಹುಣ್ಣು ಖಚಿತವಾದರೆ ವೈದ್ಯರು ಸಾಮಾನ್ಯವಾಗಿ 28 ದಿನ ಆಮ್ಲ ತಗ್ಗಿಸುವ ಒಮೆಪ್ರಜೋಲ್ ಔಷಧಿ ಕೊಡುತ್ತಾರೆ.

ಇದೆಲ್ಲ ಸರಿಯಿದ್ದರೆ ಮಾಮೂಲಿ ನಯವಾದ ಸ್ನಾಫಲ್ (ಸನ್ನೆಗೋಲಿಲ್ಲದ ಸರಳ) ಕಡಿವಾಣದಲ್ಲೇ ಹೊಸದಾಗಿ ‘ನಿಲ್ಲು’ ಕಲಿಸಿ. ಮೊದಲು ನೆಲದ ಮೇಲೆ, ಬರೀ ಮೋರಹಗ್ಗದಲ್ಲಿ (ಕಡಿವಾಣವಿಲ್ಲದೆ ತಲೆಗೆ ಕಟ್ಟುವ ಹಗ್ಗ). ಎಡ ಭುಜದ ಪಕ್ಕ ನಿಂತು ಐದಾರು ಹೆಜ್ಜೆ ನಡೆಸಿ. ನೀವು ಉಸಿರು ಬಿಟ್ಟು ನಿಲ್ಲಿ. ಕುದುರೆ ನಿಲ್ಲದಿದ್ದರೆ ಹಗ್ಗದ ಮೇಲೆ ಎರಡು ಬೆರಳಿನ ಭಾರ ಹಿಂದಕ್ಕೆ ಕೊಟ್ಟು, ಎರಡು ಸೆಕೆಂಡಿನಲ್ಲಿ ಅದನ್ನು ನಿಧಾನವಾಗಿ ಏರಿಸಿ. ಕಾಲು ನಿಂತ ಆ ಕ್ಷಣವೇ ಭಾರ ಪೂರ್ತಿ ಬಿಡಿ. ಪಾಠ ಇರುವುದು ಈ ಬಿಡುವುದರಲ್ಲಿ. ಒಂದು ಸೆಕೆಂಡ್ ತಡವಾದರೂ ಆ ಹೊತ್ತಿಗೆ ಕುದುರೆ ತಲೆ ಎತ್ತಿರುತ್ತದೆ, ಇಲ್ಲವೇ ಮತ್ತೊಂದು ಹೆಜ್ಜೆ ಇಟ್ಟಿರುತ್ತದೆ. ಭಾರ ಇಳಿದದ್ದು ತಲೆ ಎತ್ತಿದ್ದರಿಂದಲೇ ಎಂದು ಅದು ಕಲಿತುಬಿಡುತ್ತದೆ. ದಿನಕ್ಕೆ ಹತ್ತು ನಿಮಿಷ ಸಾಕು.

ಹತ್ತು ಸಲದಲ್ಲಿ ಎಂಟು ಸಲ ಬರೀ ಉಸಿರಿಗೆ ನಿಂತರೆ ಮೇಲೆ ಹತ್ತಿ ಅದನ್ನೇ ನಡಿಗೆಯಲ್ಲಿ ಮಾಡಿ. ಕ್ರಮ ಬದಲಿಸಬೇಡಿ: ಉಸಿರು, ಸೊಂಟದ ಚಲನೆ ನಿಲ್ಲಿಸುವುದು, ಕೊನೆಗೆ ಬೆರಳು ಮುಚ್ಚುವುದು. ಮೊಣಕೈ ಹಿಂದೆ ಎಳೆಯುವ ಮಾತೇ ಬೇಡ. ಟ್ರಾಟ್‌ನಲ್ಲಿ ಆರಂಭಕ್ಕೆ ಎಂಟು ಹತ್ತು ಹೆಜ್ಜೆ ಮಾತ್ರ, ಮತ್ತೆ ನಡಿಗೆ. ನೇರ ಗೆರೆಯಲ್ಲಿ ವೇಗ ಏರುವ ಕುದುರೆಗೆ 20 ಮೀಟರ್ ವೃತ್ತ ಒಳ್ಳೆಯದು, ವೃತ್ತವೇ ಅದರ ವೇಗ ಇಳಿಸುತ್ತದೆ.

ಎರಡು ಎಚ್ಚರಿಕೆ. ಜಾಕಿಯ ರಿಕಾಪು ಗಿಡ್ಡ, ಕಾಲು ಮೇಲೆ. ನಿಮ್ಮ ಉದ್ದ ಕಾಲು ಪಕ್ಕೆಗೆ ತಾಗುವುದೇ ಈ ಕುದುರೆಗೆ ಹೊಸದು. ಹೆದರಿ ಕಾಲು ಅಗಲಿಸಿ ಕೂರಬೇಡಿ. ಅಗಲಿಸಿದ ಕಾಲು ಅಕಸ್ಮಾತ್ ತಾಗಿದಾಗ ಬೆಚ್ಚುತ್ತದೆ. ಸದಾ ಹಗುರವಾಗಿ ತಾಗಿರಲಿ. ಇನ್ನೊಂದು, ಒಂದೇ ಲಗಾಮಿನಿಂದ ಕುತ್ತಿಗೆ ತಿರುಗಿಸಿ ನಿಲ್ಲಿಸುವ ತುರ್ತು ಉಪಾಯ. ಇದನ್ನು ನಡಿಗೆಯಲ್ಲಿ ಎರಡೂ ಕಡೆ ಅಭ್ಯಾಸ ಮಾಡಿಸಿಡಿ. ನಾಗಾಲೋಟದಲ್ಲಿ, ಜಾರುವ ನೆಲದಲ್ಲಿ ಥಟ್ಟನೆ ಬಳಸಿದರೆ ಕಾಲು ತಪ್ಪಿ ಕುದುರೆ ನಿಮ್ಮ ಮೇಲೇ ಬೀಳಬಹುದು. ಅಲ್ಲಿ ದೊಡ್ಡ ವೃತ್ತಕ್ಕೆ ತಂದು ಸ್ವಲ್ಪಸ್ವಲ್ಪವೇ ಚಿಕ್ಕದು ಮಾಡಬೇಕು.

ಪ್ರಶ್ನೆ: ಜೀನು ತಂದರೆ ಸಾಕು, ನಮ್ಮ ಹೆಣ್ಣು ಕುದುರೆ ಕಚ್ಚಲು ಬರುತ್ತದೆ. ಹತ್ತುವಾಗ ಒಂದು ಕ್ಷಣ ನಿಲ್ಲುವುದಿಲ್ಲ. ಸವಾರಿ ಮಾಡುವಾಗ ಮಾತ್ರ ಸರಿ. (ಮೈಸೂರು, ಚಿಕ್ಕಮಗಳೂರು)

ಸವಾರಿಯಲ್ಲಿ ಸರಿ ಅನ್ನುವುದನ್ನು ಮತ್ತೊಮ್ಮೆ ಪರೀಕ್ಷಿಸಿ. ನೋವಿಗೆ ಒಗ್ಗಿಕೊಂಡ ಕುದುರೆಯೂ ಸರಿಯಾಗಿರುವಂತೆಯೇ ಕಾಣುತ್ತದೆ.

ಕೆಳಗಿನ ಬಟ್ಟೆ ತೆಗೆದು ಜೀನನ್ನು ಬರಿಮೈ ಮೇಲಿಡಿ. ಹೆಗಲ ಉಬ್ಬಿನ ಮೇಲಿಟ್ಟು ಹಿಂದಕ್ಕೆ ಜಾರಿಸಿದಾಗ ಅದು ತಾನಾಗಿ ನಿಲ್ಲುವ ಜಾಗವೇ ಅದರ ಜಾಗ. ಹಲವರು ಇದಕ್ಕಿಂತ ಮುಂದೆ, ಭುಜದ ಎಲುಬಿನ ಮೇಲೆ ಕೂರಿಸುತ್ತಾರೆ. ಪ್ರತಿ ಹೆಜ್ಜೆಗೂ ಆ ಎಲುಬು ಹಿಂದೆ ಬಂದು ಜೀನಿನ ಚೌಕಟ್ಟಿಗೆ ಬಡಿಯುತ್ತದೆ. ಹೆಗಲ ಉಬ್ಬಿಗೂ ಜೀನಿನ ಮುಂದಿನ ಕಮಾನಿಗೂ ನಡುವೆ ಸವಾರ ಕೂತಮೇಲೂ ಎರಡರಿಂದ ಮೂರು ಬೆರಳು ಜಾಗ ಉಳಿಯಬೇಕು. ಹಿಂದಿನಿಂದ ಬಗ್ಗಿ ನೋಡಿದರೆ ನಡುವಿನ ಕಾಲುವೆಯಲ್ಲಿ ಬೆಳಕು ಕಾಣಬೇಕು, ಅಗಲ ಮೂರು ನಾಲ್ಕು ಬೆರಳು. ಜೀನಿನ ಮೆತ್ತೆ ಕೊನೆಯ ಪಕ್ಕೆಲುಬಿನ ಹಿಂದಕ್ಕೆ ಚಾಚಬಾರದು. ಅಲ್ಲಿಂದಾಚೆ ಭಾರ ಹೊರಲು ಎಲುಬಿನ ಆಧಾರವಿಲ್ಲ.

ಸವಾರಿ ಮುಗಿದ ಕೂಡಲೇ ಬಟ್ಟೆ ತೆಗೆದು ಬೆವರು ನೋಡಿ. ಎರಡೂ ಕಡೆ ಒಂದೇ ಸಮ ಒದ್ದೆಯಾಗಿದ್ದರೆ ಚಿಂತೆಯಿಲ್ಲ. ಸುತ್ತ ಒದ್ದೆಯಿದ್ದು ನಡುವೆ ಅಂಗೈಯಗಲ ಒಣಗಿದ್ದರೆ ಅಲ್ಲಿ ಒತ್ತಡ ಎಷ್ಟಿದೆಯೆಂದರೆ ಬೆವರು ಗ್ರಂಥಿ ಕೆಲಸ ಮಾಡಿಲ್ಲ. ಆ ಜಾಗದಲ್ಲಿ ಮುಂದೆ ಬಿಳಿ ಕೂದಲು ಬರುತ್ತದೆ. ಜೀನಿನಡಿ ಒಂದು ದಪ್ಪ ಫೋಮ್ ಹಾಕಿ ಸರಿಮಾಡುತ್ತೇವೆ ಅನ್ನುವವರಿಗೆ ಒಂದು ಮಾತು: ಚಪ್ಪಲಿ ಬಿಗಿಯಾದರೆ ದಪ್ಪ ಕಾಲುಚೀಲ ಹಾಕಿಕೊಳ್ಳುತ್ತೀರಾ?

ಇನ್ನು ತಂಗ. ಒಂದೇ ಸಲಕ್ಕೆ ಉಸಿರುಗಟ್ಟುವಂತೆ ಬಿಗಿಯುವುದು ಎಷ್ಟೋ ಲಾಯಗಳ ಕೆಟ್ಟ ಚಾಳಿ. ಮೂರು ಹಂತದಲ್ಲಿ ಬಿಗಿಯಿರಿ: ಮೊದಲು ಜೀನು ಜಾರದಷ್ಟು, ಇಪ್ಪತ್ತು ಹೆಜ್ಜೆ ನಡೆಸಿ ಇನ್ನೊಂದು ತೂತು, ಹತ್ತುವ ಮೊದಲು ಕೊನೆಯದು. ಪಟ್ಟಿ ಕುದುರೆಯ ಮೊಣಕೈಯಿಂದ ಒಂದು ಅಂಗೈ ಹಿಂದಿರಲಿ. ಬಿಗಿದ ಮೇಲೆ ಮುಂಗಾಲುಗಳನ್ನು ಒಂದೊಂದಾಗಿ ಮುಂದಕ್ಕೆ ಎಳೆದು ಬಿಟ್ಟರೆ ಅಡಿಯಲ್ಲಿ ಸಿಕ್ಕ ಚರ್ಮದ ಮಡಿಕೆ ಬಿಡಿಸಿಕೊಳ್ಳುತ್ತದೆ. ಸವಾರಿಗೆ ಅರ್ಧ ಗಂಟೆ ಮೊದಲು ಅರ್ಧ ಕಿಲೋ ಒಣ ಕುದುರೆಮೆಂತೆ (ಲೂಸರ್ನ್ ಮೇವು) ತಿನ್ನಿಸಿ. ಖಾಲಿ ಜಠರದಲ್ಲಿ ಆಮ್ಲ ಮೇಲಕ್ಕೆ ಎರಚಾಡುವುದು ತಪ್ಪುತ್ತದೆ.

ಹತ್ತುವಾಗ ನಿಲ್ಲದಿರುವುದಕ್ಕೆ ಅರ್ಧ ಕಾರಣ ನೆಲದಿಂದ ಹತ್ತುವುದು. ಪೂರ್ತಿ ಭಾರ ಎಡ ರಿಕಾಪಿಗೆ ಬಿದ್ದು ಜೀನು ಹೆಗಲೆಲುಬನ್ನು ತಿರುಚುತ್ತದೆ. ಎರಡಡಿ ಎತ್ತರದ ಗಟ್ಟಿ ಕಟ್ಟೆಯಿಂದ ಹತ್ತಿ. ಹತ್ತಿದ ಕೂಡಲೇ ಹೊರಡಬೇಡಿ. ಐದು ಎಣಿಸಿ, ಕುತ್ತಿಗೆ ಸವರಿ, ಆಮೇಲೆ ಹೊರಡಿ. ಪ್ರತಿಸಲ ಹತ್ತಿದೊಡನೆ ಹೊರಟಿದ್ದರಿಂದಲೇ ಹತ್ತುವುದೇ ಹೊರಡುವ ಸೂಚನೆ ಎಂದು ಕುದುರೆ ಕಲಿತಿರುತ್ತದೆ.

ಪ್ರಶ್ನೆ: ಚಾಟಿ ಬಳಸಬೇಕೆ, ಬೇಡವೆ? (ಹಾಸನ)

ಉದ್ದನೆಯ ತೆಳ್ಳಗಿನ ಚಾಟಿ ನಿಮ್ಮ ಕೈಯ ಮುಂದುವರಿಕೆ. ಕಾಲಿನ ಸೂಚನೆ ಕೊಟ್ಟು, ಉತ್ತರ ಬಾರದಿದ್ದರೆ ಕಾಲಿನ ಹಿಂದೆ ಮೆಲ್ಲಗೆ ತಟ್ಟುತ್ತಾ ಹೋಗಿ, ಹೆಜ್ಜೆ ಮುಂದಿಟ್ಟ ಕ್ಷಣ ನಿಲ್ಲಿಸುವುದಕ್ಕೆ ಅದು. ತಪ್ಪು ಮಾಡಿದ ಮೇಲೆ ಬಾರಿಸುವುದಕ್ಕೆ ಅಲ್ಲ. ಹತ್ತು ಸೆಕೆಂಡ್ ಹಿಂದಿನ ತಪ್ಪಿಗೂ ಈಗಿನ ಏಟಿಗೂ ಕುದುರೆ ಗಂಟು ಹಾಕಲಾರದು. ಅದು ಕಲಿಯುವುದು ಇಷ್ಟೇ: ಈ ಮನುಷ್ಯ ಹತ್ತಿರ ಬಂದರೆ ನೋವಾಗುತ್ತದೆ. ಸಿಟ್ಟು ಬಂದ ದಿನ ಚಾಟಿ ಗೋಡೆಗೆ ನೇತುಹಾಕಿ, ಕುದುರೆಯನ್ನು ಮೇಯಲು ಬಿಡಿ.

ಪ್ರಶ್ನೆ: ಮಾರ್ವಾಡಿ ತಳಿಯ ಗಂಡು ಕುದುರೆ ತಂದಿದ್ದೇವೆ. ಸ್ವಲ್ಪ ಲಗಾಮು ಹಿಡಿದರೂ ಹಿಂಗಾಲ ಮೇಲೆ ಎದ್ದು ನಿಲ್ಲುತ್ತದೆ. ಮುಳ್ಳಿನ ಕಡಿವಾಣ ಹಾಕಿದರೂ ಬಗ್ಗುತ್ತಿಲ್ಲ. (ವಿಜಯಪುರ, ಅಥಣಿ)

ಮುಳ್ಳಿನ ಕಡಿವಾಣವೇ ಅದನ್ನು ಎಬ್ಬಿಸುತ್ತಿದೆ. ಅದನ್ನು ಇವತ್ತೇ ತೆಗೆಯಿರಿ. 1965ರ ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಹಿಂಸೆ ತಡೆ ನಿಯಮಗಳ ಪ್ರಕಾರ ಮುಳ್ಳು, ಗುಬುಟುಗಳಿರುವ ಕಡಿವಾಣ ಬಳಸುವುದು ಕಾನೂನುಬಾಹಿರ. ಕಾನೂನು ಇರಲಿ, ನಾಲಿಗೆ ಮತ್ತು ಹಲ್ಲಿಲ್ಲದ ದವಡೆಯ ಅಂಚಿನ ಮೇಲೆ ಕಬ್ಬಿಣದ ಮೊನೆ ಒತ್ತುವಾಗ ಕುದುರೆಗೆ ಮುಂದೆ ಹೋಗಲು ದಾರಿಯಿಲ್ಲ. ಹಿಂದಿನಿಂದ ಸವಾರ ಹಿಮ್ಮಡಿಯಿಂದ ಒದೆಯುತ್ತಾನೆ. ಮುಂದೆ ಗೋಡೆ, ಹಿಂದೆ ದೊಣ್ಣೆ. ಉಳಿದ ದಾರಿ ಮೇಲಕ್ಕೆ.

ಇನ್ನೊಂದು ಸಂಗತಿ ವಿಚಾರಿಸಿ: ಮೆರವಣಿಗೆಯಲ್ಲಿ ಕುಣಿಯಲು ತರಬೇತಾದ ಕುದುರೆಯೇ ಅದು? ಡೊಳ್ಳು ಕೇಳಿದಾಗ ಲಗಾಮು ಹಿಡಿದು ಎದ್ದು ನಿಲ್ಲಿಸುವುದನ್ನು ಕಲಿಸಿದ್ದರೆ, ನೀವು ನಿಲ್ಲಿಸಲು ಎಳೆದಾಗ ಅದು ಕುಣಿತಕ್ಕೆ ಕರೆ ಎಂದುಕೊಳ್ಳುತ್ತದೆ. ಮೊದಲ ಪ್ರಶ್ನೆಯ ರೇಸ್ ಕುದುರೆಗೂ ಇದಕ್ಕೂ ರೋಗ ಒಂದೇ.

ಪಶುವೈದ್ಯರು ಬಾಯಿ ನೋಡಲಿ. ಗಂಡುಗಳಿಗೆ ಕೋರೆಹಲ್ಲು ಇರುತ್ತದೆ. ಕೆಲವಕ್ಕೆ ಮೊದಲ ದವಡೆಹಲ್ಲಿನ ಮುಂದೆ ಚಿಕ್ಕ ತೋಳಹಲ್ಲು ಇದ್ದು ಕಡಿವಾಣ ಅದಕ್ಕೆ ತಗಲುತ್ತದೆ. ಗಾಯವಿದ್ದರೆ ಪೂರ್ತಿ ಮಾಯುವವರೆಗೆ ಬಾಯಿಗೆ ಏನೂ ಬೇಡ, ಮೋರಹಗ್ಗದಲ್ಲಿ ನೆಲದ ಕೆಲಸ ಮಾತ್ರ. ಆಮೇಲೆ ನಯವಾದ ಸ್ನಾಫಲ್, ತುಟಿಯ ಎರಡೂ ಕಡೆ ಅರ್ಧ ಸೆಂಟಿಮೀಟರ್ ಹೊರಗಿರುವ ಅಳತೆಯದು. ಮೂಗುಪಟ್ಟಿ ಮೂಗಿನ ಎಲುಬಿನ ಮೇಲೆ ಎರಡು ಬೆರಳು ತೂರುವಷ್ಟು ಸಡಿಲ ಇರಲಿ. ಕೆನ್ನೆಯ ಕಡೆ ಬೆರಳು ಹಾಕಿ ಅಳೆದರೆ ಮೋಸಹೋಗುತ್ತೀರಿ, ಅಲ್ಲಿ ಮಾಂಸ ಮೆತ್ತಗಿದೆ.

ಎದ್ದು ನಿಂತಾಗ ಮಾಡಬೇಕಾದ್ದು: ಎರಡೂ ಕೈ ಮುಂದಕ್ಕೆ, ಲಗಾಮು ಸಡಿಲ, ಮೈ ಕುತ್ತಿಗೆಗೆ ಅಂಟಿರಲಿ, ಬೇಕಾದರೆ ಅಯಾಲು ಹಿಡಿಯಿರಿ. ಲಗಾಮು ಹಿಡಿದು ನೇತಾಡಿದರೆ ಕುದುರೆ ಹಿಂದಕ್ಕೆ ಮಗುಚುತ್ತದೆ, ಸವಾರ ಅಡಿಗೆ ಸಿಗುತ್ತಾನೆ. ಮುಂಗಾಲು ನೆಲಕ್ಕೆ ಬಂದೊಡನೆ ಮುಂದಕ್ಕೆ ನಡೆಸಿ. ಮುಂದೆ ಹೋಗುತ್ತಿರುವ ಕುದುರೆ ಏಳಲಾರದು. ಆದ್ದರಿಂದ ಈ ಕುದುರೆಗೆ ಹೊಸದಾಗಿ ಕಲಿಸಬೇಕಾದ ಮೊದಲ ಪಾಠ ಕಾಲು ತಾಗಿದರೆ ಮುಂದೆ ಹೋಗುವುದು. ಕೈ ಮತ್ತು ಕಾಲಿನ ಸೂಚನೆ ಒಂದೇ ಕ್ಷಣಕ್ಕೆ ಎಂದೂ ಬೇಡ. ಅಭ್ಯಾಸವಾಗಿಹೋದ ಏಳುವಿಕೆಯನ್ನು ಹೊಸ ಸವಾರ ತಿದ್ದಲು ಹೋಗುವುದು ಪ್ರಾಣಕ್ಕೆ ಅಪಾಯ. ಅನುಭವಿಗಳ ಕೈಗೆ ಕೊಡಿ.

ಪ್ರಶ್ನೆ: ಮನೆಯಲ್ಲೇ ಸಿಗುವ ಮೇವಿನಲ್ಲಿ ಕುದುರೆ ಸಾಕಬಹುದೆ? ನೇಪಿಯರ್ ಹುಲ್ಲು, ಗೋಧಿ ಬೂಸಾ, ಹುರುಳಿ, ಮೆಕ್ಕೆಜೋಳ ಇವೆ. ಹುರುಳಿ ಹಾಕಿದರೆ ಕುದುರೆ ಬಿಸಿಯಾಗುತ್ತದೆ ಅನ್ನುವುದು ನಿಜವೆ? (ಹಾವೇರಿ)

ಸಾಕಬಹುದು. ಆದರೆ ನಿಮ್ಮ ಪಟ್ಟಿಯಲ್ಲಿ ಮೂರು ಕಡೆ ಅಪಾಯ ಅಡಗಿದೆ.

ಲೆಕ್ಕ ಮೊದಲು. ಕುದುರೆಗೆ ದಿನಕ್ಕೆ ಮೈತೂಕದ ಶೇಕಡಾ 1.5ರಿಂದ 2ರಷ್ಟು ಒಣ ಮೇವು ಬೇಕು. 400 ಕಿಲೋ ಕುದುರೆಗೆ 6ರಿಂದ 8 ಕಿಲೋ. ಹಸಿ ಹುಲ್ಲಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ನೀರೇ ಇರುವುದರಿಂದ ಹಸಿಯಾದರೆ 30 ಕಿಲೋ ಹತ್ತಿರ ಆಗುತ್ತದೆ. ಇದನ್ನು ನಾಲ್ಕೈದು ಸಲಕ್ಕೆ ಹಂಚಿ, ರಾತ್ರಿಗೂ ಇಡಿ. ಆರು ತಾಸಿಗಿಂತ ಹೆಚ್ಚು ಬರಿಹೊಟ್ಟೆ ಬೇಡ.

ನೇಪಿಯರಿನಲ್ಲಿ ಆಕ್ಸಲೇಟ್ ಹೆಚ್ಚು. ಅದು ಸುಣ್ಣದಂಶವನ್ನು ಕಟ್ಟಿಹಾಕಿ ಮೈಗೆ ಸೇರದಂತೆ ಮಾಡುತ್ತದೆ. ಬೂಸಾದಲ್ಲಿ ರಂಜಕ (ಫಾಸ್ಫರಸ್) ಸುಣ್ಣದ ಹತ್ತರಷ್ಟು. ಎರಡೂ ಸೇರಿದರೆ ಕುದುರೆ ತನ್ನ ಎಲುಬಿನಿಂದಲೇ ಸುಣ್ಣ ಎಳೆದುಕೊಳ್ಳುತ್ತದೆ. ಆಗ ಮುಖದ ಎಲುಬು ಎರಡೂ ಕಡೆ ಊದುತ್ತದೆ. ಇವತ್ತು ಈ ಕಾಲು, ನಾಳೆ ಆ ಕಾಲು ಕುಂಟುತ್ತದೆ. ಹಸುವಿಗೆ ಇದೇ ಮೇವು ಇಷ್ಟು ತೊಂದರೆ ಕೊಡುವುದಿಲ್ಲ, ಅದರ ಹೊಟ್ಟೆಯ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಮೊದಲೇ ಒಡೆಯುತ್ತವೆ. ಹಾಗಾಗಿ ನೇಪಿಯರ್ ಅರ್ಧಕ್ಕಿಂತ ಕಡಿಮೆ ಇರಲಿ, ಉಳಿದದ್ದು ಗರಿಕೆ, ಓಟ್ಸ್ ಹುಲ್ಲು. ಜೊತೆಗೆ ದಿನಕ್ಕೆ ಎರಡು ಕಿಲೋ ಒಣ ಕುದುರೆಮೆಂತೆ, ಅದರಲ್ಲಿ ಸುಣ್ಣ ಧಾರಾಳ. ಬೂಸಾ ಒಂದು ಹಿಡಿ ರುಚಿಗೆ ಮಾತ್ರ. ಖನಿಜ ಮಿಶ್ರಣದ ಪ್ರಮಾಣ ಪಶುವೈದ್ಯರು ಹೇಳಲಿ. ಭತ್ತದ ಹುಲ್ಲು ಮುಖ್ಯ ಮೇವಾಗಬಾರದು: ಒರಟು, ಆಕ್ಸಲೇಟೂ ಇದೆ, ಕರುಳಲ್ಲಿ ಗಂಟುಕಟ್ಟುತ್ತದೆ.

ಮೆಕ್ಕೆಜೋಳದ ಬಗ್ಗೆ ಹಾವೇರಿ, ದಾವಣಗೆರೆ ಕಡೆಯವರು ವಿಶೇಷ ಗಮನ ಕೊಡಬೇಕು. ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಕಾಳಿನಲ್ಲಿ ಫ್ಯುಮೊನಿಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಕುದುರೆಯ ಮಿದುಳನ್ನು ಕರಗಿಸುತ್ತದೆ. ಚಿಕಿತ್ಸೆಯಿಲ್ಲ. ಕೋಳಿಗಾಗುತ್ತದೆ ಎಂದು ಇಟ್ಟ ಕಾಳು ಕುದುರೆಗೆ ಹಾಕಬೇಡಿ. ಕೋಳಿ ಮತ್ತು ದನದ ಸಿದ್ಧ ಆಹಾರವೂ ಬೇಡ. ಕೆಲವದರಲ್ಲಿ ಮೊನೆನ್ಸಿನ್ ಎಂಬ ಔಷಧಿ ಇರುತ್ತದೆ; ಹಸು ತಾಳುವ ಪ್ರಮಾಣ ಕುದುರೆಯ ಹೃದಯವನ್ನು ಕೆಡಿಸಿ ಕೊಲ್ಲುತ್ತದೆ. ಒಂದೇ ಬುಟ್ಟಿ, ಒಂದೇ ಸಲಿಕೆಯಲ್ಲಿ ಎರಡನ್ನೂ ಮುಟ್ಟಬೇಡಿ.

ಹುರುಳಿಯನ್ನು ಬೇಯಿಸಿ ಕೊಡಿ. ಹಸಿಯಲ್ಲಿ ಪ್ರೋಟೀನ್ ಜೀರ್ಣಕ್ಕೆ ಅಡ್ಡಿಮಾಡುವ ಅಂಶವಿದೆ, ಬೇಯಿಸಿದರೆ ಹೋಗುತ್ತದೆ. ಕೆಲಸವಿರುವ ಕುದುರೆಗೆ ದಿನಕ್ಕೆ ಅರ್ಧದಿಂದ ಒಂದು ಕಿಲೋ. ಬಿಸಿಯಾಗುವುದು ಹುರುಳಿಯಿಂದ ಅಂತಲ್ಲ. ಯಾವುದೇ ಕಾಳು ಕೆಲಸಕ್ಕಿಂತ ಹೆಚ್ಚು ತಿಂದು ಲಾಯದಲ್ಲೇ ನಿಂತ ಕುದುರೆ ಮೈತುಂಬ ಚುರುಕು ತುಂಬಿಕೊಂಡು ಕುಣಿಯುತ್ತದೆ. ಕಾಳು ಒಂದು ಹೊತ್ತಿಗೆ ಎರಡು ಕಿಲೋ ಮೀರಬಾರದು. ಸಣ್ಣ ಕರುಳಲ್ಲಿ ಅರಗದ ಪಿಷ್ಟ ದೊಡ್ಡ ಕರುಳಿಗೆ ಹೋಗಿ ಹುಳಿಯಾದರೆ ಹೊಟ್ಟೆಶೂಲೆ, ಇಲ್ಲವೇ ಗೊರಸಿನ ಒಳಪದರದ ಉರಿಯೂತ. ರಜೆಯ ದಿನ ಕಾಳು ಅರ್ಧ ಮಾಡಿ. ಹೊಸ ಮೇವಿಗೆ 10ರಿಂದ 14 ದಿನದಲ್ಲಿ ನಿಧಾನವಾಗಿ ಬದಲಾಯಿಸಿ. ಉಪ್ಪು ದಿನಕ್ಕೆ 30 ಗ್ರಾಂ, ಬೆವರಿದ ದಿನ ಹೆಚ್ಚು. ನೀರು 25 ಲೀಟರಿಗೆ ಕಡಿಮೆಯಿಲ್ಲ, ಬೇಸಿಗೆಯಲ್ಲಿ ಅದರ ಎರಡರಷ್ಟು.

ಪ್ರಶ್ನೆ: ಹೊಟ್ಟೆನೋವು ಬಂದಾಗ ಎಣ್ಣೆ ಕುಡಿಸಬಹುದೆ? (ಕೊಳ್ಳೇಗಾಲ)

ಬಾಟಲಿಯಿಂದ ಬಾಯಿಗೆ ಎಂದೂ ಬೇಡ. ತಲೆ ಎತ್ತಿ ಸುರಿದ ಎಣ್ಣೆ ಶ್ವಾಸಕೋಶಕ್ಕೆ ಇಳಿದು ಹೊಟ್ಟೆನೋವಿಗಿಂತ ಮೊದಲು ಅದೇ ಕೊಲ್ಲಬಹುದು. ಕುದುರೆ ವಾಂತಿ ಮಾಡಲಾರದು, ಜಠರ ಖಾಲಿ ಮಾಡಬೇಕಾದರೆ ವೈದ್ಯರು ಮೂಗಿನ ಮೂಲಕ ನಳಿಕೆ ಇಳಿಸಬೇಕು.

ಮೇವು ತೆಗೆಯಿರಿ. ನಾಡಿ ನೋಡಿ: ದವಡೆಯ ಒಳ ಅಂಚಿನಲ್ಲಿ ಬೆರಳಿಟ್ಟರೆ ಸಿಗುತ್ತದೆ, ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44. ಬಿಡದೆ 60 ದಾಟಿದರೆ ಗಂಭೀರ. ಒಸಡು ಒತ್ತಿ ಬಿಟ್ಟಾಗ ಎರಡು ಸೆಕೆಂಡಿನಲ್ಲಿ ಕೆಂಪು ಮರಳಬೇಕು. ಪಕ್ಕೆಗೆ ಕಿವಿಯಿಟ್ಟು ಗುಡುಗುಡು ಕೇಳಿ, ಎರಡೂ ಕಡೆ ನಿಶ್ಶಬ್ದವಾದರೆ ಕೆಟ್ಟ ಸೂಚನೆ. ಕೊನೆಯ ಲದ್ದಿ ಯಾವಾಗ ಹಾಕಿತು, ಹೇಗಿತ್ತು, ಗುರುತಿಡಿ. ಇಷ್ಟನ್ನೂ ಹೇಳಿ ಪಶುವೈದ್ಯರನ್ನು ಕರೆಯಿರಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಹೊರಳಾಡುತ್ತಿದ್ದರೆ ಹತ್ತು ನಿಮಿಷ ಮೆಲ್ಲಗೆ ನಡೆಸಬಹುದು. ಗಂಟೆಗಟ್ಟಲೆ ನಡೆಸಿ ಸುಸ್ತು ಮಾಡಬೇಡಿ.

ಪ್ರಶ್ನೆ: ಒಂಬತ್ತು ವರ್ಷದ ಮಗಳು ಸವಾರಿ ಕಲಿಯುತ್ತಿದ್ದಾಳೆ. ಟ್ರಾಟ್‌ನಲ್ಲಿ ಕುಪ್ಪಳಿಸುತ್ತಾಳೆ, ಕೈ ಮೇಲೆ ಕೆಳಗೆ ಆಡುತ್ತದೆ. ಹಿಮ್ಮಡಿ ಕೆಳಗೆ ಎಂದು ಎಷ್ಟು ಕೂಗಿದರೂ ಸರಿಯಾಗುತ್ತಿಲ್ಲ. ಒಮ್ಮೆ ಬಿದ್ದಮೇಲೆ ಹೆದರಿಕೆಯೂ ಇದೆ. (ಬೆಂಗಳೂರು)

ಹಿಮ್ಮಡಿ ಎಂದು ಕೂಗುವುದನ್ನು ಮೊದಲು ನಿಲ್ಲಿಸಿ. ಬಲವಂತವಾಗಿ ಹಿಮ್ಮಡಿ ತುಳಿದರೆ ಹರಡು, ಮಂಡಿ, ಸೊಂಟ ಮೂರೂ ಬಿಗಿದುಕೊಳ್ಳುತ್ತವೆ. ಆಗ ಕುದುರೆಯ ಬೆನ್ನಿನ ಏರಿಳಿತ ಹೀರಿಕೊಳ್ಳುವ ಕೀಲು ಯಾವುದೂ ಉಳಿಯದೆ ಮಗು ಚೆಂಡಿನಂತೆ ಪುಟಿಯುತ್ತದೆ. ಕೈ ಆಡುವುದು ಅದರ ಫಲ. ತೊಡೆ ಸಡಿಲವಾಗಿ ಇಳಿಬಿದ್ದರೆ ಹಿಮ್ಮಡಿ ತಾನೇ ಇಳಿಯುತ್ತದೆ.

ಅವಳ ಕೈಯಿಂದ ಲಗಾಮು ತೆಗೆದುಕೊಳ್ಳಿ. ಒಂದೆರಡು ತಿಂಗಳು ತರಬೇತುದಾರರು ಉದ್ದ ಹಗ್ಗದಲ್ಲಿ ವೃತ್ತದಲ್ಲಿ ಕುದುರೆ ನಡೆಸಲಿ, ಮಗಳು ಕುತ್ತಿಗೆಗೆ ಕಟ್ಟಿದ ಪಟ್ಟಿ ಹಿಡಿಯಲಿ. ಪಾಠ 20ರಿಂದ 30 ನಿಮಿಷ ಸಾಕು. ತೋಳು ಬೀಸುವುದು, ಮಂಡಿ ಎತ್ತುವುದು, ಕಣ್ಣು ಮುಚ್ಚಿ ಯಾವ ಕಾಲು ಮುಂದಿದೆ ಎಂದು ಹೇಳುವುದು, ಇವು ಸಮತೋಲ ಕಟ್ಟುತ್ತವೆ. ಸಮತೋಲ ಬರುವ ಮೊದಲೇ ಲಗಾಮು ಕೊಟ್ಟರೆ ಮಗು ಕುದುರೆಯ ಬಾಯಿ ಹಿಡಿದು ಜೋತುಬೀಳುವುದನ್ನು ಕಲಿಯುತ್ತದೆ, ಅದನ್ನು ಬಿಡಿಸಲು ವರ್ಷ ಬೇಕು.

ಏಳುತ್ತಾ ಕೂರುತ್ತಾ ಟ್ರಾಟ್ ಮಾಡುವಾಗ ಕುದುರೆಯ ಹೊರಭುಜ (ವೃತ್ತದ ಹೊರಗಡೆಯದು) ಮುಂದೆ ಹೋದಾಗ ಏಳಬೇಕು, ಹಿಂದೆ ಬಂದಾಗ ಕೂರಬೇಕು. ಟ್ರಾಟ್‌ನಲ್ಲಿ ಹೊರ ಮುಂಗಾಲೂ ಒಳ ಹಿಂಗಾಲೂ ಒಟ್ಟಿಗೆ ಎದ್ದು ಒಟ್ಟಿಗೆ ಇಳಿಯುತ್ತವೆ. ಅವು ಗಾಳಿಯಲ್ಲಿದ್ದಾಗ ಸವಾರ ಎದ್ದರೆ ಒಳ ಹಿಂಗಾಲು ಹೊಟ್ಟೆಯಡಿಗೆ ಸಲೀಸಾಗಿ ಬರುತ್ತದೆ.

ಬಿದ್ದ ಏಟು ತಲೆಗೆ ತಗಲಿದ್ದರೆ ಹೆಲ್ಮೆಟ್ ಬದಲಿಸಿ, ಬಿರುಕು ಕಾಣದಿದ್ದರೂ ಸರಿ. ಬೈಕಿನ, ಸೈಕಲ್ಲಿನ ಹೆಲ್ಮೆಟ್ ನಡೆಯದು. ಒಂದು ಸೆಂಟಿಮೀಟರಾದರೂ ಹಿಮ್ಮಡಿ ಇರುವ ಬೂಟು ಹಾಕಿಸಿ. ಚಪ್ಪಟೆ ಶೂ ರಿಕಾಪಿನೊಳಗೆ ತೂರಿಹೋದರೆ ಬಿದ್ದ ಮಗುವನ್ನು ಕುದುರೆ ಎಳೆದೊಯ್ಯುತ್ತದೆ. ಹೆದರಿಕೆಗೆ ‘ಏನೂ ಆಗಲ್ಲ’ ಎನ್ನುವುದು ಮದ್ದಲ್ಲ, ಮಗುವಿಗೆ ಆದದ್ದು ಗೊತ್ತಿದೆ. ಅವಳು ಧೈರ್ಯವಾಗಿ ಮಾಡುತ್ತಿದ್ದ ಕೊನೆಯ ಹಂತಕ್ಕೆ ಹಿಂತಿರುಗಿ, ಮೈ ತಿಕ್ಕುವುದು, ಗೊರಸು ಕೆರೆಯುವುದೇ ಆದರೂ ಸರಿ, ಅಲ್ಲಿಂದ ಶುರುಮಾಡಿ.

ಪ್ರಶ್ನೆ: ಕೆಂಪು ಬಟ್ಟೆ, ಟ್ರ್ಯಾಕ್ಟರ್, ಪ್ಲಾಸ್ಟಿಕ್ ಚೀಲ ಕಂಡರೆ ಹಾರುತ್ತದೆ. (ಮಂಡ್ಯ)

ಕೆಂಪು ನೆಪ. ಕುದುರೆಯ ಕಣ್ಣು ನೀಲಿ, ಹಳದಿಗಳನ್ನು ಚೆನ್ನಾಗಿ ಬಿಡಿಸುತ್ತದೆ, ಕೆಂಪು ಹಸಿರುಗಳನ್ನು ಬೇರೆ ಮಾಡಲಾರದು. ಹೆದರಿಸುವುದು ಅಲುಗಾಟ. ಸುತ್ತ ಬಹುಪಾಲು ಎಲ್ಲವೂ ಕಂಡರೂ ಹಣೆಯ ನೇರ ಮುಂದೆ ಮತ್ತು ಬಾಲದ ಹಿಂದೆ ಅದಕ್ಕೆ ಕಾಣದು. ಆ ಕುರುಡು ಜಾಗದಿಂದ ಥಟ್ಟನೆ ಎದುರಾದದ್ದೆಲ್ಲ ಹುಲಿಯೇ.

ಕಿವಿ ನಿಮಿರಿದರೂ ಇನ್ನೂ ಹುಲ್ಲು ತಿನ್ನಬಲ್ಲಷ್ಟು ದೂರ ಹುಡುಕಿ, 30 ಮೀಟರೋ 50 ಮೀಟರೋ. ಅಲ್ಲಿ ನಿಲ್ಲಿ. ತಲೆ ಇಳಿಸಿದಾಗ ನೀವೇ ತಿರುಗಿ ದೂರ ಹೋಗಿ, ಮತ್ತೆ ಬನ್ನಿ, ಎರಡು ಮೀಟರ್ ಹತ್ತಿರ. ಟ್ರ್ಯಾಕ್ಟರ್ ಆದರೆ ಯಾರಾದರೂ ಅದನ್ನು ನಿಧಾನವಾಗಿ ಮುಂದೆ ಓಡಿಸಲಿ, ಕುದುರೆ ಹಿಂಬಾಲಿಸಲಿ. ತನ್ನಿಂದ ದೂರ ಸರಿಯುವ ವಸ್ತುವಿಗೆ ಕುದುರೆ ಹೆದರುವುದಿಲ್ಲ, ಕುತೂಹಲ ತಾಳುತ್ತದೆ. ಹೊಡೆದು ಹತ್ತಿರ ಒಯ್ದರೆ ಟ್ರ್ಯಾಕ್ಟರ್ ಬಂದರೆ ಏಟು ಬೀಳುತ್ತದೆ ಎಂಬುದು ಖಾತ್ರಿಯಾಗುತ್ತದೆ.

ಪ್ರಶ್ನೆ: ಡ್ರೆಸ್ಸಾಜ್ (ಕುದುರೆಯಿಂದ ನಿಗದಿತ ಚಲನೆಗಳನ್ನು ನಯವಾಗಿ ಮಾಡಿಸುವ ಸವಾರಿ) ಸ್ಪರ್ಧೆಗೆ ಹೋಗದವರಿಗೂ ಅದರ ಅಭ್ಯಾಸ ಬೇಕೆ? (ಮಂಗಳೂರು)

ಬೇಕು. 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದ ಬೆಂಗಳೂರಿನ ಫವಾದ್ ಮಿರ್ಜಾ ಅವರ ಸ್ಪರ್ಧೆ ಇವೆಂಟಿಂಗ್. ಅದರಲ್ಲಿ ಡ್ರೆಸ್ಸಾಜ್, ಕ್ರಾಸ್ ಕಂಟ್ರಿ, ಜಿಗಿತ ಮೂರೂ ಇವೆ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ಡ್ರೆಸ್ಸಾಜ್ ತಂಡದ ಚಿನ್ನವನ್ನೇ ತಂದಿತು. ಪದಕದ ಮಾತು ಬಿಟ್ಟರೂ, 20 ಮೀಟರ್ ವೃತ್ತ ನಿಜವಾಗಿ ದುಂಡಗೆ ಬರಲಿ, ನಡಿಗೆಯಿಂದ ಟ್ರಾಟ್‌ಗೆ ತಲೆ ಎತ್ತದೆ ಹೋಗಲಿ, ಎರಡೂ ಕಡೆ ಸಮನಾಗಿ ಬಾಗಲಿ. ಕುದುರೆಯೂ ನಮ್ಮಂತೆ ಎಡಚ ಬಲಚ. ಗಟ್ಟಿ ಕಡೆಯ ಕಾಲೇ ಸದಾ ದುಡಿದರೆ ಕುಂಟು ಬೇಗ ಬರುತ್ತದೆ.

ಪ್ರಶ್ನೆ: ಟೆಕ್ಸಾಸ್‌ನಲ್ಲಿ ವೆಸ್ಟರ್ನ್ ಸವಾರಿ ಕಲಿಯುತ್ತಿದ್ದೇನೆ. ಊರಿನಲ್ಲಿ ಕಲಿತಂತೆ ಬಲಕ್ಕೆ ತಿರುಗಲು ಬಲ ಲಗಾಮು ಎಳೆದರೆ ಬೈಸಿಕೊಳ್ಳುತ್ತೇನೆ. (ಡಲ್ಲಾಸ್)

ದನ ಕಾಯುವವನಿಗೆ ಒಂದು ಕೈ ಹಗ್ಗಕ್ಕೆ ಬೇಕು, ಆದ್ದರಿಂದ ಅಲ್ಲಿ ಲಗಾಮು ಒಂದೇ ಕೈಯಲ್ಲಿ. ಕೈ ಬಲಕ್ಕೆ ಸರಿದಾಗ ಎಡ ಲಗಾಮು ಕುತ್ತಿಗೆಗೆ ತಾಗುತ್ತದೆ, ಕುದುರೆ ಆ ಸ್ಪರ್ಶದಿಂದ ದೂರ, ಅಂದರೆ ಬಲಕ್ಕೆ ತಿರುಗುತ್ತದೆ. ನೀವು ಬಲ ಲಗಾಮು ಎಳೆದಾಗ ಉದ್ದ ಕಾಲಿನ ಕರ್ಬ್ ಕಡಿವಾಣ ಸನ್ನೆಗೋಲಿನಂತೆ ಕೆಲಸಮಾಡಿ ನಿಮ್ಮ ಕೈಯ ಬಲವನ್ನು ಹಲವು ಪಟ್ಟು ಮಾಡಿ ಬಾಯಿಯನ್ನು ಒಂದೇ ಕಡೆ ತಿರುಚುತ್ತದೆ. ಕೈ ಎರಡು ಇಂಚು ಸರಿದರೆ ಸಾಕು. ತಿರುಗುವ ಕಡೆ ಮೊದಲು ನೋಡಿ, ಸೊಂಟ ತಿರುಗಲಿ, ಹೊರಗಾಲು ತಾಗಲಿ, ಲಗಾಮು ಕೊನೆಗೆ. ಈ ಕ್ರಮ ಎರಡೂ ಶೈಲಿಗೆ ಒಂದೇ.

ಪ್ರಶ್ನೆ: ಕುದುರೆ ವ್ಯಾನ್ ಹತ್ತುವುದಿಲ್ಲ. ನಾಲ್ಕು ಜನ ಹಿಂದಿನಿಂದ ತಳ್ಳಬೇಕು. (ಧಾರವಾಡ)

ಕುದುರೆಯ ಕಣ್ಣು ಬೆಳಕಿನಿಂದ ಕತ್ತಲೆಗೆ ಹೊಂದಿಕೊಳ್ಳಲು ನಮ್ಮ ಕಣ್ಣಿಗಿಂತ ಹೆಚ್ಚು ಹೊತ್ತು ಬೇಕು. ಬಿಸಿಲಿನಲ್ಲಿ ನಿಂತು ನೋಡಿದರೆ ವ್ಯಾನ್ ಒಂದು ಕಪ್ಪು ಗುಹೆ. ಒಳಗೆ ದೀಪ ಹಾಕಿ, ಮುಂದಿನ ಬಾಗಿಲು ತೆರೆಯಿರಿ, ಹಲಗೆ ಅಲುಗದಂತೆ ಆನಿಸಿ, ಮೇಲೆ ರಬ್ಬರ್ ಚಾಪೆ ಹಾಸಿ. ಪ್ರಯಾಣವಿಲ್ಲದ ದಿನ ಅಭ್ಯಾಸ ಮಾಡಿ.

ಒಂದು ಕಾಲು ಹಲಗೆಯ ಮೇಲಿಟ್ಟರೆ ಹಗ್ಗ ಸಡಿಲಿಸಿ, ಹೊಗಳಿ, ಹಿಂದೆ ಇಳಿಸಿ. ಹೌದು, ಇಳಿಸಿ. ಹಿಂದೆ ಇಳಿಯಲು ಗೊತ್ತಿರುವ ಕುದುರೆ ಮಾತ್ರ ಧೈರ್ಯವಾಗಿ ಹತ್ತುತ್ತದೆ. ಎರಡು ಕಾಲು, ಇಳಿಸು. ನಾಲ್ಕು ಕಾಲು, ಒಂದು ಹಿಡಿ ಹುಲ್ಲು, ಇಳಿಸು. ಮೊದಲ ದಿನ ಎರಡು ಕಾಲಿಗೇ ನಿಲ್ಲಿಸಬೇಕಾದರೆ ನಿಲ್ಲಿಸಿ. ಹಿಂದೆ ಕಂಬಿ ಹಾಕುವ ಮೊದಲು ತಲೆಯ ಹಗ್ಗ ಕಟ್ಟಬೇಡಿ. ಕಟ್ಟಿದ ತಲೆಯೊಂದಿಗೆ ಹಿಂದಕ್ಕೆ ಜಗ್ಗಿದರೆ ಕುತ್ತಿಗೆ ಮುರಿಯಬಹುದು. ಇಳಿಸುವಾಗ ಕ್ರಮ ತಿರುವುಮುರುವು: ಮೊದಲು ಹಗ್ಗ ಬಿಚ್ಚಿ, ಆಮೇಲೆ ಕಂಬಿ ತೆಗೆಯಿರಿ.